ಎಂಟನೆಯ ತಂಗಿ

ಮಲೆನಾಡಿನಲ್ಲಿ ಸುಮ್ಮನೆ ನಡೆಯುವಂತಿಲ್ಲ. ಮನೆಯಿಂದ ಹೊರಬಿದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ ಯಾವುದಾದರೂ ಜಗಲಿಯಿಂದ "ಯಾವ ಕಡೆ ಹೊರಟ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೊಸೈಟಿಗೆ ಎನ್ನಬೇಕು, ದನ ಮನೆಗೆ ಬಂದಿಲ್ಲ ಎನ್ನಬೇಕು. ವಾಕಿಂಗ್ ಎಂದರೂ ನಡೆಯುತ್ತದೆ, ಆದರೆ ಕೂಡಲೇ "ಶುಗರಾ?" ಎಂದು ಕನಿಕರಿಸುತ್ತಾರೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದುಹೋಗುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರಿಗೆ ಕಾರಣವೂ ಇದೆ, ದಾರಿಯುದ್ದಕ್ಕೂ ಪಾನಕ, ಮಜ್ಜಿಗೆಯೂ ಇದೆ.

ಇಂಥ ಸೀಮೆಯ ನನ್ನನ್ನು, ಇಂಗ್ಲೆಂಡಿನಲ್ಲಿರುವ ಗೆಳತಿ ಒಂದು ಭಾನುವಾರ ಕಾರಣವೂ ಇಲ್ಲದೆ, ಪಾನಕವೂ ಇಲ್ಲದೆ ಸುಮಾರು 13 ಕಿಲೋಮೀಟರ್ ನಡೆಸಿದಳು.

ಅವಳ ವಿಷಯ ಸ್ವಲ್ಪ ಹೇಳಬೇಕು. ಹೈಸ್ಕೂಲಿಗೆ ನಾವಿಬ್ಬರೂ ಹಳ್ಳ ದಾಟಿ, ಉಂಬಳ ಕಿತ್ತು ಬಿಸಾಕುತ್ತಾ, ಒದ್ದೆ ಲಂಗ ಹಿಂಡಿಕೊಳ್ಳುತ್ತಾ ನಡೆದು ಹೋದವರು. "ಬಾಗಿಲಿಗೆ ಬಸ್ಸು ಬರುವ ಊರಿನವನು ಯಾರೇ ಆಗಲಿ, ಮದುವೆಯಾಗ್ತೀನಿ" ಎಂದು ತಡಬೆಯ ಮೇಲೆ ಕೂತು ಶಪಥ ಮಾಡಿದವಳು ಇವಳೇ. ಹಾಗೇ ಆಯಿತು. ಬ್ರೈಟನ್ನಿನಲ್ಲಿ ಅವಳ ಮನೆಯೆದುರೇ ಡಬಲ್ ಡೆಕ್ಕರ್ ನಿಲ್ಲುತ್ತದೆ. ಈಗ ಆ ಬಸ್ಸು ಹತ್ತಿ ಊರಾಚೆ ಹೋಗಿ, ನಡೆಯಲಿಕ್ಕೆಂದೇ ಇಳಿಯುತ್ತಾಳೆ! ಅದಕ್ಕೆಂದೇ ಬೂಟು, ಅದಕ್ಕೆಂದೇ ಪ್ಯಾಂಟು, ಎರಡು ಕೈಗೆ ಎರಡು ಕೋಲು. ಬೂಟಿನ ಬೆಲೆಯನ್ನು ರೂಪಾಯಿಗೆ ಇಳಿಸಿ ನೋಡಿದೆ. ನಮ್ಮಲ್ಲಿ ಆ ದುಡ್ಡಿಗೆ ಒಳ್ಳೆಯದೊಂದು ಕಡಸು ಕರು ಬರುತ್ತಿತ್ತು, ಅದು ತಾನಾಗಿ ನಡೆಯುತ್ತಿತ್ತು ಕೂಡ.

ಸೌತ್ ಡೌನ್ಸ್ ವೇ ಎನ್ನುವುದು ವಿಂಚೆಸ್ಟರಿನಿಂದ ಈಸ್ಟ್‌ಬೋರ್ನ್ ತನಕ 160 ಕಿಲೋಮೀಟರ್ ಉದ್ದದ ಕಾಲುದಾರಿ. ಇದರ ಬಹುಪಾಲು 1972ರಲ್ಲಿ ಸರ್ಕಾರಿ ಲೆಕ್ಕದಲ್ಲಿ ತೆರೆದದ್ದು. ಕವಲು ಬಂದಲ್ಲೆಲ್ಲ ಗೂಟ, ಗೂಟದ ಮೇಲೆ ಓಕ್ ಮರದ ಕಾಯಿಯ ಚಿತ್ರ. ಕಾಯಿ ಕಂಡರೆ ದಾರಿ ಸರಿ. ನಾವು ಹಿಡಿದದ್ದು ಇದರ ಬಾಲವನ್ನು: ಎಕ್ಸೀಟ್ ಎಂಬಲ್ಲಿ ಬಸ್ಸಿಳಿದು ಕಡಲಂಚಿನ ಗುಡ್ಡ ಹತ್ತಿ ಈಸ್ಟ್‌ಬೋರ್ನಿಗೆ.

ಗೇಟು ದಾಟಿದರೆ ಎದುರಿಗೆ ಕುರಿ ಮೇಯುವ ಹಸಿರು ಬೇಣ. ನನ್ನ ಕಾಲು ತಾನಾಗಿ ನಿಂತಿತು.

"ಯಾರದ್ದೇ ಇದು? ಕೇಳಿಯಾದರೂ ಹೋಗೋಣ."

"ಇದು ಪಾರ್ಕಿನದು. ಯಾರದ್ದಾದರೂ ಅಷ್ಟೇ ಮಾರಾಯ್ತಿ, ನಕ್ಷೆಯಲ್ಲಿ ಕಾಲುದಾರಿ ಅಂತ ಇದ್ದರೆ ಯಾರೂ ತಡೆಯೋ ಹಾಗಿಲ್ಲ."

ಈ ಹಕ್ಕು ಪುಕ್ಕಟೆ ಬಂದದ್ದಲ್ಲವಂತೆ. 1932ರಲ್ಲಿ ಮ್ಯಾಂಚೆಸ್ಟರ್ ಕಡೆಯ ನೂರಾರು ದುಡಿಯುವ ಜನ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಬೇಕೆಂದೇ ನುಗ್ಗಿ ನಡೆದರು. ಅದು ಸಿರಿವಂತರು ಹಕ್ಕಿ ಹೊಡೆಯಲು ಕಾದಿಟ್ಟುಕೊಂಡ ಜಾಗ. ಐವರು ಜೈಲು ಕಂಡರು. 1949ರಲ್ಲಿ ಕಾಯಿದೆ ಬಂತು, ಊರೂರಿನ ಕಾಲುದಾರಿಗಳು ನಕ್ಷೆಗೆ ಏರತೊಡಗಿದವು. ಅದೇ 1932ರಲ್ಲಿ ನಮ್ಮ ಸಿದ್ದಾಪುರ, ಅಂಕೋಲೆಯವರು ಕರ ಕೊಡುವುದಿಲ್ಲವೆಂದು ಜೈಲು ಸೇರಿದ್ದರು, ಮನೆ ಜಮೀನು ಹರಾಜಿಗೆ ಬಿದ್ದಿತ್ತು. ಇಲ್ಲಿಯವರು ಜೈಲಿಗೆ ಹೋದದ್ದು ಭಾನುವಾರ ಸುಮ್ಮನೆ ನಡೆಯಲಿಕ್ಕೆ! ನಗು ಬಂತು, ಆಮೇಲೆ ಹೊಟ್ಟೆಕಿಚ್ಚೂ ಬಂತು. ನಮ್ಮ ಶಾಲೆಯ ಕಾಲುದಾರಿಗೆ ಈಗ ಎರಡು ಕಡೆ ಬೇಲಿ ಬಿದ್ದಿದೆ.

ಮೊದಲ ಗುಡ್ಡ ಹತ್ತಿ ಹಿಂತಿರುಗಿ ನೋಡಿದರೆ ಕಕ್ಮಿಯರ್ ನದಿಯ ಹಳೆಯ ಪಾತ್ರ ಮತ್ತೆ ಮತ್ತೆ ಮನಸ್ಸು ಬದಲಾಯಿಸುತ್ತಾ ಕಡಲಿನತ್ತ ಹೊರಟಿತ್ತು. ಮುಂದೆ ನೋಡಿದರೆ ಗುಡ್ಡಗಳನ್ನು ನಿಲುವಾಗಿ ಕತ್ತರಿಸಿದ ಬಿಳಿ ಗೋಡೆ. ಪೂರ್ತಿ ಸೀಮೆಸುಣ್ಣ. ನಾನು ನಿವೃತ್ತ ಮೇಷ್ಟ್ರಮ್ಮ. ನಮ್ಮ ಹೆಡ್‌ಮಾಸ್ಟರು ದಿನಕ್ಕೆ ಎರಡೇ ತುಂಡು ಎಣಿಸಿ ಕೊಟ್ಟು, ಸಂಜೆ ಉಳಿದ ಮೋಟು ವಾಪಸು ಕೇಳುತ್ತಿದ್ದರು. ಅವರನ್ನು ತಂದು ಇಲ್ಲಿ ನಿಲ್ಲಿಸಬೇಕು ಅನಿಸಿತು.

"ಶಾಲೆಯದ್ದು ಈಗ ಹೆಚ್ಚಾಗಿ ಜಿಪ್ಸಂ ಕಣೇ" ಎಂದಳು ಗೆಳತಿ. ಅವಳು ಔಷಧಿ ಅಂಗಡಿಯವಳು, ಸುಣ್ಣದ ಜಾತಿ ಬಲ್ಲವಳು. "ಇದು ಅಸಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಚಿಪ್ಪು ಕೋಟಿಗಟ್ಟಲೆ ವರ್ಷ ಕೂತು ಆದದ್ದು."

ಈ ಗುಡ್ಡಗಳ ಹೆಸರು ಸೆವೆನ್ ಸಿಸ್ಟರ್ಸ್, ಏಳು ಅಕ್ಕತಂಗಿಯರು. ಒಬ್ಬಳನ್ನು ಹತ್ತಿ ಉಸ್ಸೆಂದರೆ ಪಾತಾಳಕ್ಕೆ ಇಳಿಸುತ್ತಾಳೆ, ಅಲ್ಲಿ ಮುಂದಿನವಳು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ. ಅತಿ ಎತ್ತರದವಳೂ 77 ಮೀಟರೇ. ನಮ್ಮ ಕೊಡಚಾದ್ರಿಯ ಮುಂದೆ ಇವು ಗುಡ್ಡವೇ ಅಲ್ಲ ಎಂದು ಮೂರನೆಯವಳ ತನಕ ಹೇಳುತ್ತಿದ್ದೆ. ಆಮೇಲೆ ಹೇಳಲಿಲ್ಲ. ಮೊಣಕಾಲು ಲೆಕ್ಕ ಇಟ್ಟುಕೊಂಡಿತ್ತು, ಎಂಟು ಬಂತು.

"ಏಳು ಅಂದೆಯಲ್ಲೇ?"

"ಎಂಟನೆಯದು ಕಡಲು ಕೊರೆದು ಈಗ ಆಗ್ತಾ ಇರೋದಂತೆ. ಲೆಕ್ಕಕ್ಕೆ ಹಿಡಿಯೋಲ್ಲ."

ಎಲ್ಲರ ಮನೆಯಲ್ಲೂ ಹೀಗೊಬ್ಬಳಿರುತ್ತಾಳೆ, ತೊಟ್ಟಿಲು ಅಟ್ಟಕ್ಕೆ ಹಾಕಿದ ಮೇಲೆ ಹುಟ್ಟಿದವಳು. ನಮ್ಮಲ್ಲಿ ಅದು ನಾನೇ. ಹಾಗಾಗಿ ಅವಳನ್ನು ಹತ್ತುವಾಗ ಮಾತ್ರ ಬೈಯಲಿಲ್ಲ.

ಎದುರಿಗೆ ಸಿಕ್ಕವರೆಲ್ಲ ನಗುತ್ತಿದ್ದರು, ನಾಯಿಯ ಪರವಾಗಿ ಸಾರಿ ಕೇಳುತ್ತಿದ್ದರು, ತುಂತುರು ಹನಿಯುತ್ತಿದ್ದರೂ "ಲವ್ಲಿ ಡೇ" ಎನ್ನುತ್ತಿದ್ದರು. ಯಾವ ಕಡೆ ಹೊರಟ್ರಿ ಎಂದು ಒಬ್ಬರೂ ಕೇಳಲಿಲ್ಲ. ಹೇಳಲು ಉತ್ತರವಿಲ್ಲದಿದ್ದರೂ ಕೇಳದಿದ್ದದ್ದು ಒಂಥರಾ ಅವಮಾನ. ಕಡೆಗೆ ತಡೆಯಲಾರದೆ, ಕಲ್ಲಿನ ಮೇಲೆ ಕೂತು ಕಾಲ್ಚೀಲ ಹಿಂಡುತ್ತಿದ್ದ ಮುದುಕರೊಬ್ಬರನ್ನು ನಾನೇ ಕೇಳಿಬಿಟ್ಟೆ. ಗೆಳತಿ ನನ್ನ ಸೆರಗು ಎಳೆದಳು, ಇಲ್ಲಿ ಹಾಗೆಲ್ಲ ಕೇಳಬಾರದಂತೆ. ಮುದುಕರಿಗೆ ಅದು ತಿಳಿದಿರಲಿಲ್ಲ. ವಿಂಚೆಸ್ಟರಿನಿಂದ ಹೊರಟ ಮೊದಲ ದಿನದ ಬೆಳಗಿನ ತಿಂಡಿಯಿಂದ ಶುರುಮಾಡಿ, ತಂಗಿದ ಊರು, ಅಲ್ಲಿಯ ಹಾಸಿಗೆ, ಬೊಬ್ಬೆಯೆದ್ದ ಹಿಮ್ಮಡಿಯವರೆಗೆ ಎಲ್ಲವನ್ನೂ ಹೇಳಿದರು. ಸದ್ಯ ಯಾರೋ ಒಬ್ಬರು ಕೇಳಿದರಲ್ಲ ಎಂಬ ಸಮಾಧಾನ ಮುಖದಲ್ಲಿತ್ತು.

ಬರ್ಲಿಂಗ್ ಗ್ಯಾಪ್‌ನಲ್ಲಿ ಡಬ್ಬಿ ಬಿಚ್ಚಿದೆವು. ಚಿತ್ರಾನ್ನದ ಮುಚ್ಚಳ ತೆಗೆದದ್ದೇ ತಡ, ಗಾಳಿ ಕರಿಬೇವನ್ನು ಆರಿಸಿಕೊಂಡಿತು, ಕಡಲಹಕ್ಕಿಯೊಂದು ಕಡಲೆಬೀಜಕ್ಕೆ ಬಂದು ಕೂತಿತು. ಅಲ್ಲಿಂದ ಮೇಲೆ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭ. ಕಡಲು ದಂಡೆ ತಿನ್ನುತ್ತಾ ಹತ್ತಿರ ಬಂತೆಂದು 1999ರಲ್ಲಿ ಇಡೀ ಕಟ್ಟಡವನ್ನೇ ಜಾಕಿ ಕೊಟ್ಟು ಎತ್ತಿ 17 ಮೀಟರ್ ಹಿಂದಕ್ಕೆ ಜಾರಿಸಿದರಂತೆ. ಆಚೆಗೆ ಬೀಚಿ ಹೆಡ್, 162 ಮೀಟರ್. ಅಂಚಿನಿಂದ ದೂರವಿರಿ ಎಂದು ಫಲಕ ಬೇಡುತ್ತಿತ್ತು, ಹುಡುಗರು ಅಂಚಿಗೇ ಹೋಗಿ ಸೆಲ್ಫಿ ತೆಗೆಯುತ್ತಿದ್ದರು. ಮೇಷ್ಟ್ರಮ್ಮನ ಗಂಟಲು ಕನ್ನಡದಲ್ಲೇ ಗದರಿತು. ಅರ್ಥವಾಯಿತೇನೋ, ಹಿಂದೆ ಸರಿದರು.

ಈಸ್ಟ್‌ಬೋರ್ನಿನಲ್ಲಿ ವಾಪಸು ಬಸ್ಸು ಹತ್ತಿದೆವು. ದಿನವಿಡೀ ನಡೆದದ್ದನ್ನು ಅದು ಅರ್ಧ ಗಂಟೆಯೊಳಗೆ ಮುಗಿಸಿತು. ಮೇಲಂತಸ್ತಿನಲ್ಲಿ ಬೂಟು ಸಡಿಲಿಸುತ್ತಾ ಗೆಳತಿ ಅಂದಳು: "ಇನ್ನು ಉಳಿದದ್ದು 147 ಕಿಲೋಮೀಟರ್ ಅಷ್ಟೇ ಕಣೇ. ಮುಂದಿನ ಭಾನುವಾರ ಸ್ವಲ್ಪ ಮಾಡೋಣ?" ನಾನು ಚೀಲದಿಂದ ದಪ್ಪದೊಂದು ಕೋಡುಬಳೆ ತೆಗೆದು ಬಾಯಿಗೆ ಹಾಕಿಕೊಂಡೆ. ಬಾಯಲ್ಲಿ ಕೋಡುಬಳೆ ಇರುವಾಗ ಉತ್ತರ ಕೊಡಬೇಕೆಂಬ ಕಾಯಿದೆ ಆ ದೇಶದಲ್ಲೂ ಇಲ್ಲ.