ಡ್ರ್ಯಾಗನ್ನಿಗೆ ಉದ್ರಿ ಇಲ್ಲ

ಕಥೆ ಬರೆಯುವವರದು ಸುಖದ ಬಾಳು. ಎಂಥ ಪ್ರಾಣಿಯನ್ನಾದರೂ ಸಾಕಬಹುದು, ಮೇವಿನ ಖರ್ಚಿಲ್ಲ. ಹ್ಯಾರಿ ಪಾಟರನ ಗೂಬೆ ಊರೂರಿಗೆ ಟಪಾಲು ಹಂಚುತ್ತದೆ. ಪಾಪ, ಇಲಿ ಹಿಡಿಯಲು ಅದಕ್ಕೆ ಪುರುಸೊತ್ತಾದರೂ ಯಾವಾಗ?

ಬೆಳಗಾವಿಯ ರವಿವಾರ ಪೇಟೆಯ ಕಾಳಿನಂಗಡಿಯಲ್ಲಿ ಇಂಥ ಸೋಗು ನಡೆಯುವುದಿಲ್ಲ. ಸಾವಕಾರರ ಮೊಮ್ಮಗ ಮೊಬೈಲಿನಲ್ಲಿ ಡ್ರ್ಯಾಗನ್ ತೋರಿಸಿ, "ಅಜ್ಜಾ, ಇದು ಕಥೆಯ ಹುಡುಗನ ಜೀವದ ಗೆಳೆಯ" ಎಂದ. ಸಾವಕಾರರು ಕನ್ನಡಕ ಏರಿಸಿದರು. "ಗೆಳೆಯ ಖರೆ. ಉಣ್ಣಾಕ ಯಾರ ಮನೀಗೆ ಹೊಕ್ಕೈತಿ?" ಅತ್ತ ಚೆಲ್ಲಿದ ಜೋಳಕ್ಕೆ ಬಾಯಿ ಹಾಕಿದ್ದ ಬಿಡಾಡಿ ದನವನ್ನು ಹಮಾಲ ಖಾಲಿ ಚೀಲ ಬೀಸಿ ಅಟ್ಟುತ್ತಿದ್ದ. ಪೇಟೆಯಲ್ಲಿ ಮನುಷ್ಯ-ಪ್ರಾಣಿಗಳ ಮಾಂತ್ರಿಕ ನಂಟು ಅಷ್ಟೇ.

ನಾನು ಗೋವಿನ ಹಾಡು ತೆಗೆದೆ. ಪುಣ್ಯಕೋಟಿಯ ಸತ್ಯಕ್ಕೆ ಸೋತು ಹುಲಿ ಪ್ರಾಣ ಬಿಟ್ಟಿತು, ನಾವೆಲ್ಲ ಕಣ್ಣೊರೆಸಿಕೊಂಡೆವು, ಅದೂ ಹಸುವಿಗಾಗಿ! ಹುಲಿ ಹೋದ ಮೇಲೆ ಜಿಂಕೆ, ಹಂದಿಗಳು ಊರವರ ಹೊಲಕ್ಕೆ ಇಳಿದಿರಬೇಕಲ್ಲ, ಆ ಹಾಡನ್ನು ಯಾರೂ ಕಟ್ಟಲಿಲ್ಲ. ಹುಲಿತಜ್ಞ ಉಲ್ಲಾಸ ಕಾರಂತರ ಲೆಕ್ಕ ಹೇಳಿದೆ: ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು, ಅಷ್ಟು ತಪ್ಪದೆ ಸಿಗಬೇಕಾದರೆ ಕಾಡಿನಲ್ಲಿ 500 ಇರಬೇಕು. ಸಾವಕಾರರ ಮುಖ ಅರಳಿತು. "ಅಂದ್ರ ಅಸಲು ಮುಟ್ಟಂಗಿಲ್ಲ, ಬಡ್ಡಿ ಅಷ್ಟ ತಿಂತೈತಿ. ನಮ್ಮ ಗಿರಾಕಿಗಿಂತ ಛಲೋ ಐತಿ ಬಿಡ್ರಿ!"

ಮಕ್ಕಳ ಗೆಳೆಯ ಅಂದರೆ 2022ರ ಆಗಸ್ಟ್‌ನಲ್ಲಿ ನಮ್ಮೂರ ಗಾಲ್ಫ್ ಮೈದಾನ ಹೊಕ್ಕ ಚಿರತೆ. ಸಕ್ರೆಬೈಲಿನಿಂದ ಆನೆ ಬಂದವು, ಬೋನು ಬಂದವು, ಅದು ಮಾತ್ರ ಬರಲಿಲ್ಲ. ಸುತ್ತಲಿನ ಶಾಲೆಗಳಿಗೆ ರಜೆಯ ಮೇಲೆ ರಜೆ. ಇಷ್ಟು ಉಪಕಾರ ಮಾಡಿದ ಪ್ರಾಣಿ ಯಾವ ಕಾದಂಬರಿಯಲ್ಲಿದೆ ಹೇಳಿ.

ಇನ್ನು ಖಾನಾಪುರದ ಭೀಮಗಡ. 2011ರಲ್ಲಿ ಅಭಯಾರಣ್ಯವಾದ ಆ ಕಾಡಿನ ಬಾರಾಪೇಡೆ ಗವಿಯಲ್ಲಿ ರಾಟನ್ ಬಾವಲಿ ಇದೆ. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು 1913ರಲ್ಲಿ; ಆಮೇಲೆ ದಶಕಗಟ್ಟಲೆ ಜಗತ್ತಿನ ಬೇರೆ ಯಾವ ಮೂಲೆಯಲ್ಲೂ ಕಂಡಿರಲಿಲ್ಲ. ರಾತ್ರಿಯಿಡೀ ಹುಳ ಹಿಡಿದು ತಿಂದು ಬೆಳಗಾಗುವುದರೊಳಗೆ ಗವಿ ಸೇರುತ್ತದೆ. ಯಾರ ಭವಿಷ್ಯವನ್ನೂ ನುಡಿಯುವುದಿಲ್ಲ. ಎದೆಯ ಮೇಲೆ ಬಾವಲಿ ಬರೆಸಿಕೊಂಡ ಬ್ಯಾಟ್‌ಮನ್ನಿಗೆ ಲೋಕವೆಲ್ಲ ಚಪ್ಪಾಳೆ, ನಿಜವಾದದ್ದಕ್ಕೆ ಪೇಟೆಯಲ್ಲಿ ಹೆಸರೂ ಗೊತ್ತಿಲ್ಲ.

"ಅದರ ಮ್ಯಾಲೆ ಕುಂತು ಹಾರಾಕ ಬರ್ತೈತೇನ್ರಿ?" ಹುಡುಗ ಕೇಳಿದ. ಬರುವುದಿಲ್ಲ ಎಂದದ್ದೇ ತಡ, ಮತ್ತೆ ಮೊಬೈಲಿಗೆ ಬಗ್ಗಿದ.

ಸಾವಕಾರರ ಕಿವಿ ಮಾತ್ರ ಇತ್ತಲೇ ಇತ್ತು. "ಹುಳ ತಿಂತೈತಿ ಅಂದ್ರಲ್ಲ? ಗೋದಾಮಿನಾಗ ಕಡಲಿಗೆ ಹುಳ ಬಿದ್ದೈತಿ. ಎರಡು ತರಿಸಾಕ ಬರ್ತೈತೇನು?"

"ಹಿಡಿದ್ರ ಜೈಲ್ರಿ."

"ಹಂಗಾರ ಹುಳಾನ ಛಲೋ."