ಹದಿನಾಲ್ಕನೇ ಸೆಮಿಸ್ಟರಿನ ಅಣ್ಣ

ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯದ ಊರುಗಳಲ್ಲಿ ಇಎಸ್‌ಜಿ ಎಂಬ ಪ್ರಾಟೆಸ್ಟೆಂಟ್ ವಿದ್ಯಾರ್ಥಿ ಸಭೆ ಇರುತ್ತದೆ, ಕ್ಯಾಥೊಲಿಕರದ್ದು ಕೆಎಚ್‌ಜಿ. ಎರಡರಲ್ಲೂ ಒಬ್ಬ ಅಣ್ಣ ಇದ್ದೇ ಇರುತ್ತಾನೆ. ಸೊಂಟದಲ್ಲಿ ಕೀಲಿಕೈ ಗೊಂಚಲು, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ. ಓದು ಎಲ್ಲಿಗೆ ಬಂತು ಎಂದು ಕೇಳಿದರೆ 'ಸದ್ಯಕ್ಕೆ ಪ್ರಬಂಧ ಬರೆಯುತ್ತಿದ್ದೇನೆ' ಎನ್ನುತ್ತಾನೆ. ಆ 'ಸದ್ಯಕ್ಕೆ' ಶುರುವಾದಾಗ ಈಗಿನ ಹೊಸಬರು ಇನ್ನೂ ಹೈಸ್ಕೂಲಿನಲ್ಲಿದ್ದರು. ಪರದೇಶದ ವಿದ್ಯಾರ್ಥಿಗೆ ಇಂಥ ಐಷಾರಾಮ ದಕ್ಕುವುದಿಲ್ಲ, ವೀಸಾ ಕಚೇರಿಯವರು ಓದಿನ ಲೆಕ್ಕ ಕೇಳುತ್ತಾರೆ. ಹಾಗಾಗಿ ಅಣ್ಣ ಸಾಮಾನ್ಯವಾಗಿ ಜರ್ಮನಿಯವನೇ. ನಮ್ಮ ಮದುವೆಮನೆಯ ಉಗ್ರಾಣದ ಮಾವನ ಹಾಗೆ ಇವನನ್ನು ಯಾರೂ ನೇಮಿಸಿದ್ದಲ್ಲ, ತೆಗೆದುಹಾಕುವ ಧೈರ್ಯವೂ ಯಾರಿಗಿಲ್ಲ.

ಇವನನ್ನು ಗೇಲಿ ಮಾಡುವುದು ಸುಲಭ, ಮಾಡಲೂಬೇಕು. ಆದರೆ ಬಹುದೇಶಗಳ ಇಂಥ ಸಭೆ ಬೋಧನೆಯಿಂದಲ್ಲ, ಇವನ ಪಾತ್ರೆ ತೊಳೆಯುವ ಪಾಳಿಪಟ್ಟಿಯಿಂದ ನಿಂತಿದೆ ಎಂಬುದು ನನ್ನ ವಾದ. ಊರಿನ ಸಭೆಯಲ್ಲಿ ಅಜ್ಜನ ಬೆಂಚಿನ ಮೇಲೆ ಮೊಮ್ಮಗ ಕೂರುತ್ತಾನೆ. ಇಲ್ಲಿ ಮಾಸ್ಟರ್ಸ್ ಓದಿಗೆ ಸಾಮಾನ್ಯವಾಗಿ ನಿಗದಿಯಾದದ್ದು 4 ಸೆಮಿಸ್ಟರ್. ಕ್ಯಾಮರೂನಿನವರು, ಇಂಡೋನೇಷ್ಯಾದವರು, ಇರಾನಿನವರು, ನಮ್ಮವರು ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಹೊರಟುಬಿಡುತ್ತಾರೆ. (ಟ್ಯೂಬಿಂಗನ್‌ನಲ್ಲಿ ಓದಿ ಬಂದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಪತ್ರಿಕೆ ಹೊರಡಿಸಿದಾಗ ಬರುವವರು ಅವರು, ಬಡಿಸುವವರು ನಾವು, ಈಗ ದಿಕ್ಕು ತಿರುಗಿದೆ.) ಸಭಾಪಾಲಕರ ಜರ್ಮನ್ ಪ್ರಸಂಗ ಅರ್ಧ ಜನಕ್ಕೆ ಅರ್ಧ ಅರ್ಥವಾಗುತ್ತದೆ. ಪೂರ್ತಿ ಅರ್ಥವಾಗುವುದು ಊಟ.

ಬುಧವಾರ ಸಂಜೆ ಸೇರುವ ಸಭೆಯನ್ನೇ ತೆಗೆದುಕೊಳ್ಳಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಹುಡುಗನಿಗೆ ಅಂದು ಉಪವಾಸ, ಮಾಂಸ ಹಾಲು ಮೊಟ್ಟೆ ಕೂಡದು. ಗೆಳತಿಯ ಜೊತೆ ಬಂದ ಮುಸ್ಲಿಂ ವಿದ್ಯಾರ್ಥಿನಿಗೆ ಮಾಂಸ ಹಲಾಲ್ ಆಗಿರಬೇಕು. ಮೈಸೂರಿನ ಹುಡುಗಿಗೆ ಮೊಟ್ಟೆಯ ವಾಸನೆಯೂ ಆಗದು. ಬರ್ಲಿನ್ನಿನವನು ಭೂಮಿ ಬಿಸಿಯಾಗುತ್ತಿದೆಯೆಂದು ಬೆಣ್ಣೆ ಬಿಟ್ಟವನು. ಸರ್ವಧರ್ಮ ಸಂವಾದ ಏರ್ಪಡಿಸಿದರೆ ಈ ನಾಲ್ವರೂ ನಾಲ್ಕು ವೇದಿಕೆ ಕೇಳುತ್ತಾರೆ. ಅಣ್ಣ ದೊಡ್ಡ ಹಂಡೆಯಲ್ಲಿ ಮಸೂರ್ ಬೇಳೆ ಬೇಯಿಸುತ್ತಾನೆ. ನಾಲ್ವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜಗಳವೇನಿದ್ದರೂ ಅನ್ನದ್ದು. ಜೊಲೋಫ್ ಅನ್ನ ಯಾರದ್ದು ಮೇಲೆಂದು ಘಾನಾ ಮತ್ತು ನೈಜೀರಿಯಾ ಕೈಕೈ ಮಿಲಾಯಿಸುವುದೊಂದು ಬಾಕಿ. ಇರಾನಿನವನಿಗೆ ತಳ ಹಿಡಿದದ್ದೇ ಬೇಕು. ನಮ್ಮವನಿಗೆ ಸಾರಿನಲ್ಲಿ ಕಲಸುವಷ್ಟು ಮೆತ್ತಗಿರಬೇಕು. ತ್ರಿಯೇಕತ್ವದ ಬಗ್ಗೆ ಆ ಕೋಣೆಯಲ್ಲಿ ಇಷ್ಟು ಬಿಸಿ ಏರಿದ್ದಿಲ್ಲ.

ಅಣ್ಣನ ನಿಜವಾದ ನಿಷ್ಠೆ ಕಾಣುವುದು ಕಸದ ಡಬ್ಬಿಗಳ ಮುಂದೆ. ಪ್ಲಾಸ್ಟಿಕ್ಕಿಗೆ ಹಳದಿ, ಕಾಗದಕ್ಕೆ ನೀಲಿ, ಹಸಿ ಕಸಕ್ಕೆ ಕಂದು. 25 ಸೆಂಟ್ ಠೇವಣಿಯ ಬಾಟಲಿಗಳದ್ದು ಬೇರೆಯೇ ಮೂಲೆ. ಯಾರೋ ಎಸೆದ ಟೀ ಚೀಲವನ್ನು ಎರಡು ಬೆರಳಲ್ಲಿ ಎತ್ತಿ, ಪಿನ್ನು ಕಿತ್ತು, ಚೀಟಿಯನ್ನು ನೀಲಿಗೂ ಚರಟವನ್ನು ಕಂದಿಗೂ ಹಾಕಿ, ದಾರ ಹಿಡಿದು ಅರೆಗಳಿಗೆ ಚಿಂತಿಸುತ್ತಾನೆ. ಆದಾಮನ ಪಾಪವನ್ನಾದರೂ ಕ್ಷಮಿಸಿಯಾನು, ಹಳದಿ ಡಬ್ಬಿಗೆ ಬಿದ್ದ ಬಾಳೆಹಣ್ಣಿನ ಸಿಪ್ಪೆಯನ್ನಲ್ಲ.

ಇದು ಆತಿಥ್ಯದ ವೇಷದ ದಬ್ಬಾಳಿಕೆ ಅಲ್ಲವೇ ಎಂದು ಕೇಳಬಹುದು. ಅರ್ಧ ನಿಜ. ಫ್ರಿಜ್ಜಿನ ತುಂಬ ಅವನದೇ ಕೈಬರಹದ ಆಜ್ಞೆಗಳು. ರಾತ್ರಿ ಹತ್ತಾದರೆ ಕ್ಯಾಮರೂನಿನವರ ಡೋಲು ನಿಲ್ಲಿಸುವವನೂ ಅವನೇ. ಆದರೆ ಹತ್ತರ ಮೇಲೆ ಸದ್ದು ಮಾಡಬಾರದೆಂಬುದು ಆ ದೇಶದ ಕಟ್ಟಳೆ. ಪೊಲೀಸರು ಬಂದು ಹೇಳುವುದಕ್ಕಿಂತ ಇವನು ಹೇಳಿದರೆ ವಾಸಿ. ಮೇಲಾಗಿ, ಬಾಡಿಗೆಗೆ ದುಡ್ಡಿಲ್ಲದವನು ಸಭಾಪಾಲಕರ ಕಚೇರಿಯಲ್ಲಿ ಕುರ್ಚಿ ಎಳೆದುಕೊಂಡು ಬಾಯಿಬಿಡುವುದಿಲ್ಲ, ಸಿಂಕಿನ ಮುಂದೆ ತಟ್ಟೆ ಉಜ್ಜುತ್ತ ಹೇಳಿಬಿಡುತ್ತಾನೆ. ಕಷ್ಟಕ್ಕೆ ಸಿಕ್ಕ ಪರದೇಶಿ ವಿದ್ಯಾರ್ಥಿಗಳಿಗೆ ನೆರವು ಕೊಡುವ ವ್ಯವಸ್ಥೆ ಇಂಥ ಅನೇಕ ಸಭೆಗಳಲ್ಲಿದೆ. ಅರ್ಜಿ ಯಾವ ಕಪಾಟಿನಲ್ಲಿದೆ ಎಂಬುದು ಅಣ್ಣನಿಗೆ ಗೊತ್ತು.

ಇನ್ನು, ಇವರೆಲ್ಲ ಬರುವುದು ಊಟಕ್ಕೆ, ಭಕ್ತಿಗಲ್ಲ ಎಂಬ ಹಳೆಯ ದೂರು. ದೂರುವವರು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ತೆರೆದು ನೋಡಲಿ. ಕೊರಿಂಥವೂ ನಾನಾ ದೇಶದವರು ಬಂದು ಸೇರುತ್ತಿದ್ದ ಬಂದರೂರು. ಅಲ್ಲಿ ಅವನು ಗದರುವುದು ಊಟಕ್ಕೆ ಬಂದವರನ್ನಲ್ಲ, ಉಳಿದವರಿಗಾಗಿ ಕಾಯದೆ ಮೊದಲೇ ತಿಂದು ಮುಗಿಸಿದವರನ್ನು. ಆ ಅಧ್ಯಾಯದ ಪ್ರಕಾರ ಅಂಕ ಹಾಕಿದರೆ, ಎಲ್ಲರಿಗೂ ಬಡಿಸಿದ ಮೇಲೆ ತಣ್ಣಗಾದ ಬೇಳೆಯನ್ನು ನಿಂತೇ ತಿನ್ನುವ ಅಣ್ಣ ಪಾಸು.

ಅಕ್ಟೋಬರಿನಲ್ಲಿ ಅತ್ತ ಹೊರಟಿರುವ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮ ಧರ್ಮ ಯಾವುದೇ ಇರಲಿ, ಒಂದು ಸಂಜೆ ಹೋಗಿ ಬನ್ನಿ. ಎರಡನೇ ಸಲವೂ ಧಾರಾಳವಾಗಿ ಬಡಿಸಿಕೊಳ್ಳಿ, ಆದರೆ ನಾಲ್ಕು ತಟ್ಟೆ ತೊಳೆಯದೆ ಕೋಟು ಹಾಕಿಕೊಳ್ಳಬೇಡಿ. ಬಾಳೆಹಣ್ಣಿನ ಸಿಪ್ಪೆ ಕಂದು ಡಬ್ಬಿಗೆ.