ನಮ್ಮ ಕಡೆ ಲಾಯರ್ರೇ ಇದ್ದಾರೆ ಸಾರ್

ಬೆಂಗಳೂರಿನಲ್ಲಿ ಮನೆ ಕೊಳ್ಳುವವನು ಟೈಲ್ಸ್ ಆರಿಸಲು ಮೂರು ಭಾನುವಾರ ಕಳೆಯುತ್ತಾನೆ. ಅಡುಗೆಮನೆಯ ಗ್ರಾನೈಟು ಕಪ್ಪಿರಲೋ ಬೂದು ಬಣ್ಣದ್ದಿರಲೋ ಎಂದು ಅತ್ತೆ, ಷಡ್ಡಕ, ಆಫೀಸಿನ ಟೀಮ್ ಲೀಡರ್ ಎಲ್ಲರ ಅಭಿಪ್ರಾಯ ಸಂಗ್ರಹವಾಗುತ್ತದೆ. ವಾಸ್ತು ನೋಡಲು ಬಂದವರು ಈಶಾನ್ಯದಲ್ಲಿ ಕಮೋಡ್ ಇದೆ ಎಂದರೆ ವ್ಯವಹಾರವೇ ಮುರಿದುಬೀಳುವುದುಂಟು. ಈಶಾನ್ಯದಲ್ಲಿ ರಾಜಕಾಲುವೆ ಇದ್ದರೆ ಮಾತ್ರ ಯಾರಿಗೂ ಅಷ್ಟು ಗಾಬರಿಯಿಲ್ಲ. ಅದನ್ನು ನೋಡಬೇಕಾದವನು ವಕೀಲ. ವಕೀಲನನ್ನು ಆರಿಸುವ ಕೆಲಸವನ್ನು ಬ್ರೋಕರ್ ಆಗಲೇ ಮುಗಿಸಿರುತ್ತಾನೆ. "ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ನಮ್ಮ ಕಡೆ ಲಾಯರ್ರೇ ಇದ್ದಾರೆ ಸಾರ್!"

ಬ್ರೋಕರ್‌ಗೆ ಕಮಿಷನ್ ಸಿಗುವುದು ರಿಜಿಸ್ಟ್ರೇಷನ್ ಆದರೆ. ವಕೀಲರಿಗೆ ಮುಂದಿನ ಫೈಲು ಬರುವುದು ಈ ಫೈಲು ಸಲೀಸಾಗಿ ದಾಟಿದರೆ. ಮಾರುವವನ ಮಗಳ ಮದುವೆಗೆ ತಿಂಗಳಷ್ಟೇ ಉಳಿದಿದೆ. ಇಷ್ಟು ಜನ ಎಲೆ ಹಾಕಿಕೊಂಡು ಕೂತಿರುವಾಗ "ಪಹಣಿಯ 11ನೇ ಕಾಲಂನಲ್ಲಿ ಏನೋ ಬರೆದಿದೆಯಲ್ಲ" ಎಂದು ಬಾಯಿ ತೆರೆಯುವ ವಕೀಲನಿಗೆ ಎಂಟೆದೆ ಬೇಕು. ಹಾಗೆ ಬಾಯಿ ತೆರೆದವರ ಹೆಸರು ಬ್ರೋಕರ್‌ಗಳ ಮೊಬೈಲಿನಲ್ಲಿ 'ತಕರಾರು ಲಾಯರ್' ಎಂದು ಸೇವ್ ಆಗಿರುತ್ತದೆ. ನಿಮಗೆ ಬೇಕಾಗಿದ್ದದ್ದು ಆ ನಂಬರು.

ಬೇರೆ ದಾರಿಯಲ್ಲಿ ಹುಡುಕೋಣ ಎಂದರೆ ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ಬಾಗಿಲಿನ ಬೋರ್ಡು ಕೂಡ ಮಿತವಾದ ಅಳತೆಯದ್ದಾಗಿರಬೇಕು. ವೃತ್ತಿಯ ಘನತೆಗಾಗಿ ಮಾಡಿದ ನಿಯಮ, ಒಳ್ಳೆಯದೇ. ಅದರಿಂದ ಖಾಲಿ ಉಳಿದ ಜಾಗದಲ್ಲಿ ಬ್ರೋಕರ್ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಅವನ ಬೋರ್ಡಿನ ಅಳತೆಗೆ ನಿಯಮವಿಲ್ಲ.

ಕೊಳ್ಳುವವನು ಪಾಪದವನೇನಲ್ಲ. ಅವನು ವಕೀಲನ ಬಳಿ ಬರುವ ಹೊತ್ತಿಗೆ ಟೋಕನ್ ಅಡ್ವಾನ್ಸ್ ಕೊಟ್ಟಾಗಿದೆ, ಹೆಂಡತಿ ಪರದೆಯ ಬಟ್ಟೆ ನೋಡಿಯಾಗಿದೆ, ಗೃಹಪ್ರವೇಶಕ್ಕೆ ಪುರೋಹಿತರು ದಿನ ಕೊಟ್ಟಾಗಿದೆ. ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ಜಾತಕ ತೋರಿಸಲು ಬಂದವನ ಹಾಗೆ ಅವನು ಎದುರು ಕೂರುತ್ತಾನೆ. ಅವನಿಗೆ ಬೇಕಿರುವುದು ಅಭಿಪ್ರಾಯವಲ್ಲ, ಆಶೀರ್ವಾದ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ದಾಖಲೆಗಳ ಫೋಟೋ ಬರುತ್ತವೆ. ಅರ್ಧ ಪುಟ ಕತ್ತಲು, ಇನ್ನರ್ಧದಲ್ಲಿ ಫೋಟೋ ತೆಗೆದವನ ಹೆಬ್ಬೆರಳು. ಕೆಳಗೊಂದು ಸಾಲು: "ಸಾರ್, ನಾಳೆ ಬೆಳಿಗ್ಗೆ ಅಗ್ರಿಮೆಂಟು. ಒಂದ್ಸಲ ಕಣ್ಣಾಡಿಸಿ." ಒಂದು ಭಾಗ ಹಣವನ್ನು ಚೀಲದಲ್ಲಿ ಕೊಟ್ಟು, ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನಷ್ಟೇ ನಮೂದಿಸಲು ಒಪ್ಪಿಕೊಂಡ ಮನುಷ್ಯ ಇದೇ ಉಸಿರಿನಲ್ಲಿ ಕೇಳುತ್ತಾನೆ: "ಟೈಟಲ್ ನೂರಕ್ಕೆ ನೂರು ಕ್ಲಿಯರ್ ಇರಬೇಕು ನೋಡಿ ಸಾರ್, ನನಗೆ ಅಡ್ಡದಾರಿ ಆಗಿಬರಲ್ಲ."

ಫೀಸಿನ ವಿಷಯಕ್ಕೆ ಬಂದಾಗ ಅವನ ಲೆಕ್ಕಾಚಾರ ಇನ್ನೂ ಸೊಗಸು. 80 ಲಕ್ಷದ ಫ್ಲ್ಯಾಟು ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 4 ಲಕ್ಷ. ಅದರ ಮೇಲೆ ಶೇ. 10 ಸೆಸ್, ನಗರವಾದರೆ ಶೇ. 2 ಸರ್‌ಚಾರ್ಜ್, ಒಟ್ಟು 48 ಸಾವಿರ. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅದಕ್ಕೆ 1 ಲಕ್ಷದ 60 ಸಾವಿರ. ಎಲ್ಲ ಸೇರಿ 6 ಲಕ್ಷದ 8 ಸಾವಿರವನ್ನು ಕೊಳ್ಳುವವನು ತುಟಿ ಪಿಟಕ್ಕೆನ್ನದೆ ಸರ್ಕಾರಕ್ಕೆ ಕಟ್ಟುತ್ತಾನೆ. ವಕೀಲ ಇಪ್ಪತ್ತು ಸಾವಿರ ಎಂದರೆ ಮಾತ್ರ ಹುಬ್ಬೇರುತ್ತದೆ. "ನಾಲ್ಕು ಪೇಪರ್ ಓದೋಕೆ ಇಪ್ಪತ್ತು ಸಾವಿರವಾ? ನಮ್ಮ ಬ್ರೋಕರ್ ಎಂಟಕ್ಕೆ ಮಾಡಿಸ್ತಾರೆ."

ಸರ್ಕಾರ ಆ 6 ಲಕ್ಷಕ್ಕೆ ಏನು ಕೊಡುತ್ತದೆ ಎಂದು ಯಾರೂ ಕೇಳಿದಂತಿಲ್ಲ. ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ. ಮಾರುವವನಿಗೆ ಆ ಮನೆ ನಿಜಕ್ಕೂ ಸೇರಿದ್ದೇ ಎಂದು ತೀರ್ಮಾನಿಸುವುದು ಅವರ ಕೆಲಸವೇ ಅಲ್ಲ. 1908ರ ನೋಂದಣಿ ಕಾಯ್ದೆ ಅವರಿಗೆ ಅಂಥ ಅಧಿಕಾರ ಕೊಟ್ಟಿಲ್ಲವೆಂದು ಸುಪ್ರೀಂ ಕೋರ್ಟು 2025ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿ, ಅಲ್ಲಿನ ನಿಯಮವನ್ನೇ ರದ್ದು ಮಾಡಿತು. ಹಾಗಾಗಿ ಸರ್ಕಾರ ನಿಮಗೆ ಖಾತ್ರಿ ಕೊಡುವುದು ಇಷ್ಟನ್ನೇ: ಇಂಥ ದಿನ ಇಂಥವರಿಬ್ಬರು ಬಂದಿದ್ದರು, ಹೆಬ್ಬೆಟ್ಟು ಒತ್ತಿದರು, ಕ್ಯಾಮೆರಾ ನೋಡಿದರು. 6 ಲಕ್ಷಕ್ಕೆ ಎರಡು ಫೋಟೋ. ಯಾವ ಸ್ಟುಡಿಯೋದವನಿಗೂ ಈ ರೇಟು ಸಿಕ್ಕಿಲ್ಲ.

"ಬ್ಯಾಂಕಿನ ಲಾಯರ್ ನೋಡಿದಾರಲ್ಲ, ಮತ್ಯಾಕೆ ಇನ್ನೊಬ್ಬರು?" ಎಂಬುದು ವಿದ್ಯಾವಂತರ ವಾದ. ಬ್ಯಾಂಕಿನ ಪ್ಯಾನೆಲ್ ವಕೀಲರಿಗೆ ಫೀಸು ಕೊಡುವವರು ನೀವು, ಅವರ ಕಕ್ಷಿದಾರ ಮಾತ್ರ ಬ್ಯಾಂಕು. ಅವರು ಬರೆಯುವುದು ಸಾಲ ಕೊಟ್ಟರೆ ಬ್ಯಾಂಕಿಗೆ ತೊಂದರೆಯೇ ಎಂಬ ಪ್ರಶ್ನೆಗೆ ಉತ್ತರ. ಮನೆ ಕೈತಪ್ಪಿದರೂ ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ, ಕಂತು ಸಂಬಳದಿಂದಲೇ ಹೋಗುತ್ತದೆ. ಬ್ಯಾಂಕಿಗೆ ನಿಮ್ಮ ಮೂಲಪತ್ರಕ್ಕಿಂತ ನಿಮ್ಮ ಪೇಸ್ಲಿಪ್ ಮೇಲೆಯೇ ಹೆಚ್ಚು ನಂಬಿಕೆ. ಬಿಲ್ಡರುಗಳಂತೂ ಬ್ಯಾಂಕುಗಳ ಲಾಂಛನಗಳನ್ನೆಲ್ಲ ಬ್ರೋಶರಿನ ಕೊನೆಯ ಪುಟದಲ್ಲಿ ಅಷ್ಟದಿಕ್ಪಾಲಕರಂತೆ ನಿಲ್ಲಿಸಿರುತ್ತಾರೆ. ಅಗ್ರಿಮೆಂಟಿನ ಕರಡು ಕೈಗೆ ಕೊಟ್ಟು, "ಒಂದು ಅಕ್ಷರವೂ ಬದಲಾಗಲ್ಲ ಸಾರ್, 400 ಜನ ಸೈನ್ ಮಾಡಿದಾರೆ" ಎನ್ನುತ್ತಾರೆ. ಒಬ್ಬನೂ ಓದಿಲ್ಲ ಎಂಬುದನ್ನು ಇಷ್ಟು ಹೆಮ್ಮೆಯಿಂದ ಬೇರೆಲ್ಲೂ ಹೇಳುವುದಿಲ್ಲ. ನೋಂದಾಯಿತ ಅಗ್ರಿಮೆಂಟು ಇಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ ಎಂದು ರೇರಾ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಅದನ್ನು ನೆನಪಿಸಿದವನಿಗೆ ಕಾರ್ನರ್ ಫ್ಲ್ಯಾಟು ಇದ್ದಕ್ಕಿದ್ದಂತೆ ಸೋಲ್ಡ್ ಔಟ್ ಆಗುತ್ತದೆ.

ಇನ್ನು ಲೀಗಲ್ ಒಪೀನಿಯನ್ ಎಂಬ ಕೃತಿ. ಇದು ಹತ್ತು ಹನ್ನೆರಡು ಪುಟದ ಗದ್ಯಕಾವ್ಯ. ಆರಂಭದಲ್ಲಿ ದಾಖಲೆಗಳ ಪಟ್ಟಿ, ನಡುವೆ ಜಮೀನಿನ ವಂಶಾವಳಿ, ಕೊನೆಗೆ 'ಮಾರಾಟಗಾರರು ಸ್ಪಷ್ಟವೂ ಮಾರಾಟಯೋಗ್ಯವೂ ಆದ ಹಕ್ಕನ್ನು ಹೊಂದಿರುತ್ತಾರೆ' ಎಂಬ ಫಲಶ್ರುತಿ. ಅದರ ಕೆಳಗೆ ಸಣ್ಣಕ್ಷರದಲ್ಲಿ: ಈ ಅಭಿಪ್ರಾಯ ಒದಗಿಸಿದ ಜೆರಾಕ್ಸ್ ಪ್ರತಿಗಳನ್ನು ಆಧರಿಸಿದ್ದು, ಮೂಲ ದಾಖಲೆಗಳನ್ನು ಪರಿಶೀಲಿಸತಕ್ಕದ್ದು, ಸ್ಥಳ ಪರಿಶೀಲನೆ ಖರೀದಿದಾರರ ಜವಾಬ್ದಾರಿ, ವ್ಯಾಜ್ಯ ಇಲ್ಲವೆಂದು ಖಾತರಿ ಮಾಡಿಕೊಳ್ಳತಕ್ಕದ್ದು. ಅಂದರೆ ಎಲ್ಲ ಸರಿ ಇದ್ದರೆ ಎಲ್ಲ ಸರಿ ಇದೆ. ಕೆಲವು ಒಪೀನಿಯನ್‌ಗಳ ಏಳನೇ ಪುಟದಲ್ಲಿ ಹಿಂದಿನ ಕಕ್ಷಿದಾರನ ಸರ್ವೆ ನಂಬರು ಹಾಗೇ ಉಳಿದು, ನಿಮ್ಮ ಬೇಗೂರಿನ ಸೈಟು ಒಂದು ಪ್ಯಾರಾದ ಮಟ್ಟಿಗೆ ಹೆಸರಘಟ್ಟಕ್ಕೆ ಹೋಗಿಬರುತ್ತದೆ.

ಎಲ್ಲರೂ ಜಪಿಸುವ ಇನ್ನೊಂದು ಮಂತ್ರ 30 ವರ್ಷದ ಇಸಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಕಚೇರಿಯ ರಿಜಿಸ್ಟರು ತಿರುವಿಸಬೇಕು. ಈ ಋಣಭಾರ ಪತ್ರಕ್ಕೆ ಗೊತ್ತಿರುವುದು ನೋಂದಣಿಯಾದ ವ್ಯವಹಾರ ಮಾತ್ರ. ತಾತ ಸಾಯುವ ಮುನ್ನ ಬಿಳಿ ಹಾಳೆಯಲ್ಲಿ ಬರೆದ ಉಯಿಲು ಅದರಲ್ಲಿರುವುದಿಲ್ಲ, ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಅಣ್ಣತಮ್ಮಂದಿರು ಜಗಲಿಯಲ್ಲಿ ಬಾಯಿಮಾತಲ್ಲಿ ಮಾಡಿಕೊಂಡ ಪಾಲೂ ಇರುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ಹತ್ತು ವರ್ಷದಿಂದ ಎಳೆದಾಡುತ್ತಿರುವ ದಾವೆಯನ್ನೂ ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ. ಆ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನು ತಾಲ್ಲೂಕು ಕಚೇರಿಯ ಕಡತ ಹೇಳಬೇಕು. ಮಂಜೂರಾದದ್ದಾದರೆ, ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಎದ್ದು ಕೂರುತ್ತದೆ, ವಾಪಸ್ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಇಸಿಯಲ್ಲಿ ಏನೂ ಇಲ್ಲ ಎಂದು ಸಿಹಿ ಹಂಚಿದವರು ಇದನ್ನೆಲ್ಲ ಓದುವುದು ಸಮನ್ಸ್ ಬಂದ ಮೇಲೆ.

ಆದರೆ ನನ್ನ ಮೆಚ್ಚಿನ ದಾಖಲೆ ವಂಶವೃಕ್ಷ. ಬೆಂಗಳೂರಿನ ಸುತ್ತ ಇದು ಗಂಡುಕೊಂಬೆಗಳನ್ನು ಮಾತ್ರ ಬಿಡುವ ವಿಶಿಷ್ಟ ಮರ. ನಾಲ್ಕು ಗಂಡುಮಕ್ಕಳು, ಅವರ ಗಂಡುಮಕ್ಕಳು, ಎಲ್ಲರ ಸಹಿಯೂ ಉಂಟು. "ಹೆಣ್ಣುಮಕ್ಕಳು?" ಎಂದು ಕೇಳಿದರೆ, "ಅವ್ರೆಲ್ಲ ಮದುವೆಯಾಗಿ ಹೋದ್ರು ಸಾರ್" ಎಂಬ ಉತ್ತರ. ಮದುವೆಯಾದವರು ಹಕ್ಕನ್ನು ತವರಿನ ಹೊಸ್ತಿಲಲ್ಲೇ ಬಿಟ್ಟುಹೋಗುತ್ತಾರೆ ಎಂದು ಕಾನೂನು ಹೇಳುವುದಿಲ್ಲ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಮಗಳಿಗೆ ಪಾಲು ಕೊಟ್ಟಿತು. ಆಗ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ಅಳಿಸಿತು, 2020ರಲ್ಲಿ ಸುಪ್ರೀಂ ಕೋರ್ಟು ಅಪ್ಪ ಬದುಕಿರಲಿ ಬಿಡಲಿ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾಲು ಪತ್ರವೋ ಮಾರಾಟವೋ ಆಗಿದ್ದರೆ ಬೇರೆ ಮಾತು. ಇಲ್ಲವೆಂದರೆ ಅಪಾರ್ಟ್‌ಮೆಂಟಿಗೆ ಬಣ್ಣ ಬಳಿದ ವರ್ಷ ಮಾಲೂರಿನಿಂದಲೋ ಕನಕಪುರದಿಂದಲೋ ಒಬ್ಬಾಕೆ ಪಾಲು ಕೇಳಿ ದಾವೆ ಹೂಡುತ್ತಾಳೆ. ನಿವಾಸಿಗಳ ಸಂಘದಲ್ಲಿ ಎಲ್ಲರೂ ಆಕೆಯನ್ನು ಬೈಯುತ್ತಾರೆ. ಆಕೆ ಕೇಳುತ್ತಿರುವುದು ತನ್ನದನ್ನು. ಬೈಸಿಕೊಳ್ಳಬೇಕಾದವರು, ಆಕೆಯನ್ನು ಮರದಿಂದ ಕಡಿದ ಅಣ್ಣತಮ್ಮಂದಿರು ಮತ್ತು ಆ ಮೋಟುಮರವನ್ನು ನೋಡಿ 'ಕ್ಲಿಯರ್' ಎಂದು ಸಹಿ ಹಾಕಿದ ಮಹನೀಯರು.

ಆ ಮಹನೀಯರಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಬ್ಯಾಂಕಿನ ವಕೀಲರೊಬ್ಬರ ತಪ್ಪು ಅಭಿಪ್ರಾಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ: ವಂಚಕರ ಜೊತೆ ಶಾಮೀಲಾಗಿದ್ದಕ್ಕೆ ಸಾಕ್ಷ್ಯವಿಲ್ಲದೆ, ಬರೇ ಅಭಿಪ್ರಾಯ ತಪ್ಪಾಯಿತೆಂದು ವಕೀಲನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಲಾಗದು. 2024ರ ಮೇ ತಿಂಗಳಲ್ಲಿ ಇನ್ನೊಂದು ತೀರ್ಪು ಬಂತು: ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಎರಡಕ್ಕೂ ಕಾನೂನಿನಲ್ಲಿ ಕಾರಣಗಳಿವೆ. ಪರಿಣಾಮವಂತೂ ಇದು: ಹೊಸ ಮನೆಯ ಗೀಸರ್ ಕೆಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಮನೆಯೇ ನಿಮ್ಮದಲ್ಲ ಎಂದಾದರೆ ವಕೀಲರ ಮೇಲೆ ಅಲ್ಲಿಗೆ ಹೋಗುವಂತಿಲ್ಲ. ಬೇಕಿದ್ದರೆ ಸಿವಿಲ್ ದಾವೆ ಹೂಡಿ, ವಕೀಲರ ಪರಿಷತ್ತಿಗೆ ದೂರು ಕೊಡಿ. ಅದಕ್ಕೂ ಒಬ್ಬ ಒಳ್ಳೆಯ ವಕೀಲ ಬೇಕು. ಬ್ರೋಕರ್‌ನ ಕಡೆ ಇದ್ದಾರೆ.

ಒಳ್ಳೆಯವರು ಇಲ್ಲವೆಂದಲ್ಲ. ಗಾಂಧಿನಗರದ ಹಳೇ ಕಟ್ಟಡಗಳ ಎರಡನೇ ಮಹಡಿಗಳಲ್ಲಿ, ಫ್ಯಾನು ಕಿರುಗುಟ್ಟುವ ಚೇಂಬರುಗಳಲ್ಲಿ ಈಗಲೂ ಸಿಗುತ್ತಾರೆ. ಅವರು ಜೆರಾಕ್ಸ್ ಮುಟ್ಟುವುದಿಲ್ಲ, ದೃಢೀಕೃತ ನಕಲನ್ನು ತಾವೇ ಅರ್ಜಿ ಹಾಕಿ ತರಿಸುತ್ತಾರೆ. ಚೆಕ್ಕುಬಂದಿ ಓದಿ, ಪೂರ್ವಕ್ಕೆ ರಸ್ತೆ ಎಂದಿರುವ ಕಡೆ ನಿಜಕ್ಕೂ ರಸ್ತೆಯಿದೆಯೋ ಖರಾಬು ಹಳ್ಳವಿದೆಯೋ ಎಂದು ಹೋಗಿ ನಿಂತು ನೋಡುತ್ತಾರೆ. ಹೆಣ್ಣುಮಕ್ಕಳ ಹೆಸರು ಹಿಡಿದು ಕೇಳುತ್ತಾರೆ. ಇಂಥವರೊಬ್ಬರನ್ನು ನಮ್ಮ ಪರಿಚಯದ ಗೃಹಸ್ಥರೊಬ್ಬರು, ಅದು ಹೇಗೋ, ತಾವಾಗಿಯೇ ಹುಡುಕಿಕೊಂಡು ಹೋದರು. ಮೂರು ವಾರ ಕಾಗದ ಜಾಲಾಡಿದ ವಕೀಲರು ಒಂದೇ ಪುಟ ಬರೆದುಕೊಟ್ಟರು: ಮಾರುವವರ ಇಬ್ಬರು ಅಕ್ಕಂದಿರ ಸಹಿಯಿಲ್ಲ, ಭೂ ಪರಿವರ್ತನೆಯ ಆದೇಶ ಪಕ್ಕದ ಸರ್ವೆ ನಂಬರಿನದು, ಕೊಳ್ಳಬೇಡಿ.

ಗೃಹಸ್ಥರು ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಅಷ್ಟೇ. ಫೀಸು ಇಪ್ಪತ್ತೈದು ಸಾವಿರ.

ಸಂಜೆಯೇ ಬ್ರೋಕರ್ ಬೇರೊಬ್ಬರ ಬಳಿ ಕರೆದುಕೊಂಡು ಹೋದ. ಮಾರನೇ ದಿನವೇ ಹನ್ನೆರಡು ಪುಟದ ಒಪೀನಿಯನ್ ಬಂತು, ಸ್ಪೈರಲ್ ಬೈಂಡಿಂಗ್ ಸಮೇತ, ಎಂಟೇ ಸಾವಿರಕ್ಕೆ. ಅಡ್ವಾನ್ಸ್ ಕೊಟ್ಟು ಮನೆಗೆ ಬಂದ ಗೃಹಸ್ಥರು ಸಿಹಿ ತಿಂದು ಕೈ ತೊಳೆದು, ಮೊದಲನೇ ವಕೀಲರಿಗೆ ಫೋನ್ ಮಾಡಿದರು.

"ಸಾರ್ ನಮಸ್ಕಾರ. ನಿಮ್ಮಿಂದ ಕೆಲಸ ಆಗಲಿಲ್ವಲ್ಲ, ಆ ಫೀಸು ಅರ್ಧನಾದ್ರೂ ವಾಪಸ್ ಮಾಡ್ತೀರಾ?"